ಕುಕ್ಕರಿನಲ್ಲಿ ಕಡಲಿಗೆ ಹೋದ ಮೀನು

ಮಗಳು ಐದನೇ ಕ್ಲಾಸಿಗೆ ಬಂದ ವರ್ಷ ನಮ್ಮ ಮನೆಗೆ ಒಬ್ಬ ಪ್ಲಾಸ್ಟಿಕ್ ಇನ್‌ಸ್ಪೆಕ್ಟರ್ ಬಂದಂತಾಯಿತು. ನೇಮಿಸಿದ್ದು ಶಾಲೆಯವರು, ಊಟ ತಿಂಡಿ ಮಾತ್ರ ನಮ್ಮದು. ಕೀಲ್ಪಾಕಿನ ಶಾಲೆಯಿಂದ ಬಂದವಳು ಬೂಟು ಕೂಡ ಬಿಚ್ಚದೆ ನೇರ ಅಡುಗೆಮನೆಗೆ ನುಗ್ಗುತ್ತಿದ್ದಳು. ಡಬ್ಬಿಗಳನ್ನು ತಟ್ಟಿ ನೋಡಿ, ಸಿಂಕಿನ ಕೆಳಗೆ ಬಗ್ಗಿ ಇಣುಕಿ, ಕೊನೆಗೆ ಬಾಗಿಲ ಹಿಂದೆ ನೇತುಹಾಕಿದ್ದ ನನ್ನ ಕವರುಗಳ ಕವರಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು.

ಆ ಕವರಿನ ಬಗ್ಗೆ ಎರಡು ಮಾತು ಹೇಳಬೇಕು. ಪುರಸೈವಾಕ್ಕಂನ ಜವಳಿ ಅಂಗಡಿಗಳಲ್ಲಿ ಹಿಂದೆಲ್ಲ ಒಂದು ರವಿಕೆ ಕಣ ಕೊಂಡರೂ ದಪ್ಪನೆಯ, ಮಿರಿಮಿರಿ ಮಿಂಚುವ ಕವರು ಕೊಡುತ್ತಿದ್ದರು. ಈಗ ಬಟ್ಟೆ ಚೀಲ ಕೊಡುತ್ತಾರೆ. ಹಾಗಾಗಿ ಹಳೆಯವುಗಳ ಮೇಲೆ ನನಗೆ ಪಿತ್ರಾರ್ಜಿತ ಆಸ್ತಿಯ ಮೇಲಿರುವಂಥ ಮೋಹ. ಒಂದೊಂದನ್ನೂ ನೀಟಾಗಿ ಮಡಿಸಿ, ಎಲ್ಲವನ್ನೂ ಒಂದು ದೊಡ್ಡ ಕವರಿಗೆ ತುಂಬಿ ಇಟ್ಟಿದ್ದೆ.

"ಇದೆಲ್ಲಾಂ ಎದುಕ್ಕುಮ್ಮಾ?" ಇದೆಲ್ಲ ಯಾತಕ್ಕೆ ಎಂದು ಇನ್‌ಸ್ಪೆಕ್ಟರ್ ಕೇಳುತ್ತಿದ್ದಳು. ಹುಟ್ಟಿದ್ದು ಇಲ್ಲೇ ಚೆನ್ನೈಯಲ್ಲಿ, ಬೆಳೆಯುತ್ತಿರುವುದೂ ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಬರುವುದು ತಮಿಳಿನಲ್ಲಿ.

"ಬೇಕಾಗತ್ತೆ ಕಣೇ."

"ಎಪ್ಪೋ?"

"ಬೇಕಾದಾಗ."

ಇಂಥ ಉತ್ತರದಿಂದ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ಅವಳಪ್ಪ ರೈಲ್ವೆ ಆಫೀಸಿನಿಂದ ಬರುವಾಗ ಎಗ್ಮೋರಿನ ಹೋಟೆಲಿನಿಂದ ಸಾಂಬಾರನ್ನು ಕವರಿನಲ್ಲಿ ಕಟ್ಟಿಸಿ ತಂದು ಸಿಕ್ಕಿಬಿದ್ದ ದಿನ, ಆ ಸಾಂಬಾರನ್ನು ಮುಟ್ಟಗೊಡಲಿಲ್ಲ. ಅವರು ಇಡ್ಲಿಗೆ ಚಟ್ನಿಪುಡಿ ಕಲಸಿಕೊಂಡು ತಿನ್ನುತ್ತಾ, "ಮನೇಲಿ ಇಬ್ರು ಹೆಂಗಸರ ಆಡಳಿತ, ನನ್ನದೇನೂ ನಡೆಯಲ್ಲ" ಎಂದು ಗೊಣಗಿದರು.

ಹೀಗಿರುವಾಗ ಒಂದು ಸಂಜೆ ಅವಳು ಅಡುಗೆಮನೆಯ ತಪಾಸಣೆ ಮಾಡದೆ ನೇರ ನನ್ನ ಹತ್ತಿರ ಬಂದು ಕೊರಳಿಗೆ ಜೋತುಬಿದ್ದಳು. ಏನೋ ಕಾದಿದೆ ಎಂದುಕೊಂಡೆ. ಶಾಲೆಯಿಂದ ಬೆಸೆಂಟ್ ನಗರದ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಕಡಲ ಜೀವಿಗಳು, ಪ್ಲಾಸ್ಟಿಕ್ಕಿನಿಂದ ಅವಕ್ಕಾಗುವ ತೊಂದರೆ, ಇದೆಲ್ಲ ಕಣ್ಣಾರೆ ಕಂಡು ಕಲಿಯಬೇಕಂತೆ. ಜೊತೆಗೆ ಒಬ್ಬರ ತಾಯಿಯೋ ತಂದೆಯೋ ಬರಬೇಕಂತೆ. ಯಾರ ಮನೆಯಿಂದ ಬರುತ್ತಾರೆ ಎಂದು ಕೇಳಿದಾಗ ಇವಳು ಎದ್ದು ನಿಂತು, "ನಮ್ಮಮ್ಮ ಬರ್ತಾರೆ, ಅವರಿಗೆ ಸಮುದ್ರ ಅಂದ್ರೆ ಭಯವೇ ಇಲ್ಲ" ಎಂದುಬಿಟ್ಟಿದ್ದಳು.

ಭಯವಿಲ್ಲ! ನಾನು ಮೈಸೂರಿನವಳು. ಬಕೆಟ್ಟಿನಲ್ಲಿ ತುಂಬಿದ್ದಕ್ಕಿಂತ ಹೆಚ್ಚು ನೀರಿನ ಸಹವಾಸ ಮಾಡಿದವಳಲ್ಲ. ಮದುವೆಯಾಗಿ ಚೆನ್ನೈಗೆ ಬಂದ ಮೇಲೆ ಬ್ಯಾಂಕಿನಲ್ಲಿ ಕೆಲಸ, ಮನೆ, ಮಗಳು. ಸಮುದ್ರಕ್ಕೆ ಹೋದಾಗಲೆಲ್ಲ ನನ್ನದು ಒಂದೇ ಹುದ್ದೆ. ಎಲ್ಲ ಸಂಸಾರದಲ್ಲೂ ದಡದಲ್ಲಿ ನಿಂತು ಚಪ್ಪಲಿ ಕಾಯುವವರು ಒಬ್ಬರಿರುತ್ತಾರಲ್ಲ, ನಮ್ಮಲ್ಲಿ ಅದು ನಾನು. ಒಣ ಮರಳಿನ ಮೇಲೆ ನಿಂತು, ಎಲ್ಲರ ಚಪ್ಪಲಿ, ಪರ್ಸು, ಮೊಬೈಲು ಹಿಡಿದು, "ಸಾಕು ಬನ್ರೋ, ಒಳಗ್ ಹೋಗ್ಬೇಡ್ರೋ" ಎಂದು ಕೂಗುವುದು ನನ್ನ ಕೆಲಸ. ಅದನ್ನೇ ಮಗಳು ಧೈರ್ಯ ಎಂದುಕೊಂಡಿದ್ದಳೋ ಏನೋ.

ಬ್ಯಾಂಕಿಗೆ ರಜೆ ಹಾಕಿದೆ.

ಆ ದಿನ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ನಿಂತಿದ್ದ ಬಸ್ಸನ್ನು ಹತ್ತುವಾಗಲೇ ನನಗೆ ನಗು ತಡೆಯಲಾಗಲಿಲ್ಲ. ತಿಂಡಿ ನೀರು ಯಾವುದೂ ಪ್ಲಾಸ್ಟಿಕ್ಕಿನಲ್ಲಿ ಬರಕೂಡದು ಎಂದು ಶಾಲೆಯವರು ಕಟ್ಟುನಿಟ್ಟು ಮಾಡಿದ್ದರು. ಇಡೀ ಕೀಲ್ಪಾಕಿನ ಅಟ್ಟಗಳು ಅಂದು ಖಾಲಿಯಾಗಿದ್ದವು. ಒಬ್ಬಳು ಅಜ್ಜಿಯ ಮದುವೆಯ ಕಾಲದ ಹಿತ್ತಾಳೆ ಕೂಜ ತಂದಿದ್ದಳು. ಕೂಜಕ್ಕೆ ತಮಿಳಿನಲ್ಲೂ ಕೂಜ ಎನ್ನುವುದೇ. ಇನ್ನೊಬ್ಬನ ಕೈಯಲ್ಲಿ ಅವನ ಎದೆಯುದ್ದದ ಟಿಫಿನ್ ಕ್ಯಾರಿಯರ್. ಬಾಳೆಲೆ ಪೊಟ್ಟಣ, ಮುತ್ತುಗದ ಎಲೆ ಪೊಟ್ಟಣ, ಹಾಲಿನ ಕ್ಯಾನು. ಎಲ್ಲಕ್ಕೂ ಕಿರೀಟವಿಟ್ಟಂತೆ, ಎರಡು ಜಡೆಯ ಒಬ್ಬ ಪುಟ್ಟ ಹುಡುಗಿ ತನ್ನ ಮಡಿಲಲ್ಲಿ ಒಂದು ಸಣ್ಣ ಪ್ರೆಶರ್ ಕುಕ್ಕರ್ ಇಟ್ಟುಕೊಂಡು ಗಂಭೀರವಾಗಿ ಕೂತಿದ್ದಳು. ಒಳಗೆ ಚಿತ್ರಾನ್ನ. ಬೇರೆ ಡಬ್ಬಿಗಳೆಲ್ಲ ಪ್ಲಾಸ್ಟಿಕ್ಕಿನವಂತೆ, ಸ್ಟೀಲ್ ಡಬ್ಬಿಗಳ ಮುಚ್ಚಳ ಸಡಿಲವಂತೆ. ಅವಳಮ್ಮ ಯೋಚಿಸಿ ಯೋಚಿಸಿ ಇದನ್ನು ಕೊಟ್ಟು ಕಳಿಸಿದ್ದರು.

"ಕುಕ್ಕರ್ ಹ್ಯಾಂಡಲ್ ಪ್ಲಾಸ್ಟಿಕ್ ದಾನೆ?" ನಮ್ಮ ಇನ್‌ಸ್ಪೆಕ್ಟರ್ ಆಕ್ಷೇಪ ಎತ್ತಿದಳು.

ಬಸ್ಸಿನಲ್ಲಿ ದೊಡ್ಡ ಚರ್ಚೆ ಶುರುವಾಯಿತು. ಹಿಡಿಕೆ ಪ್ಲಾಸ್ಟಿಕ್ಕೇ ಎಂದು ಒಂದು ಪಕ್ಷ, ಅದು ಬಿಸಾಡುವ ಪ್ಲಾಸ್ಟಿಕ್ ಅಲ್ಲ ಎಂದು ಇನ್ನೊಂದು ಪಕ್ಷ. ಕುಕ್ಕರಿನ ಒಡತಿ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಮುಂದಿನ ಸೀಟಿನಲ್ಲಿದ್ದ ಹೆಡ್ ಮಿಸ್ ಎದ್ದು ನಿಂತು ಒಮ್ಮೆ ಕನ್ನಡಕದ ಮೇಲಿನಿಂದ ನೋಡಿದರು. ಇಡೀ ಬಸ್ಸು ತಣ್ಣಗಾಯಿತು.

ಈ ಹೆಡ್ ಮಿಸ್ ಬಗ್ಗೆ ಮಕ್ಕಳಿಗಷ್ಟೇ ಅಲ್ಲ, ನಮಗೂ ಹೆದರಿಕೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಬಾಗಿದ ಹಿಡಿಯ ಕಪ್ಪು ಕೊಡೆ. ಅವರು ನಕ್ಕಿದ್ದನ್ನು ಕಂಡವರಿಲ್ಲ ಎಂದು ಮಗಳು ಹೇಳುತ್ತಿದ್ದಳು. "ನೀರಿಗೆ ಯಾರೂ ಇಳಿಯಕೂಡದು. ಒದ್ದೆ ಮರಳು ಶುರುವಾಗುವ ಕಡೆ ನಮ್ಮ ಗಡಿ" ಎಂದು ಅವರು ಘೋಷಿಸಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು. ಬಸ್ಸು ಹೊರಟಿತು. ಎಗ್ಮೋರ್ ದಾಟುವಷ್ಟರಲ್ಲಿ ಮತ್ತೆ ಗಲಾಟೆ ಏರಿತು. ಒಂದೊಂದು ತಿರುವಿಗೂ ಕೂಜ, ಕ್ಯಾರಿಯರ್, ಕುಕ್ಕರ್ ಒಂದಕ್ಕೊಂದು ಬಡಿದು, ಪಾತ್ರೆ ಅಂಗಡಿಯೊಂದು ಮೆರವಣಿಗೆ ಹೊರಟಂತಿತ್ತು.

ದಡದಲ್ಲಿ ನಮಗಾಗಿ ಒಬ್ಬ ತರುಣಿ ಕಾದಿದ್ದಳು. ಕಡಲ ಜೀವಿಗಳ ಬಗ್ಗೆ ಓದಿ ಅದರಲ್ಲೇ ಕೆಲಸ ಮಾಡುವವಳು. ಮೊಣಕಾಲವರೆಗೆ ಮಡಿಸಿದ ಪ್ಯಾಂಟು, ಬಣ್ಣ ಹೋದ ಟೋಪಿ, ಕೈಗೆ ದಪ್ಪ ಕೈಗವಸು, ಪಕ್ಕದಲ್ಲೊಂದು ಬಕೆಟ್ಟು. ಮಕ್ಕಳು ಅವಳನ್ನು ನೋಡಿದ ಕ್ಷಣದಿಂದ "ಅಕ್ಕಾ, ಅಕ್ಕಾ" ಎಂದು ಮುತ್ತಿಕೊಂಡವು. ಅವಳ ತಮಿಳು ಸರಾಗವಾಗಿತ್ತು, ಆದರೆ ಎಲ್ಲೋ ಒಂದು ಎಳೆತ. ಯಾವ ಕಡೆಯವಳೋ ಎಂದುಕೊಂಡೆ.

ಅವಳು ಮೊದಲು ಆಡಿಸಿದ ಆಟ ಬಹಳ ಸರಳ. ದಡದಲ್ಲಿ ಬಿದ್ದಿರುವುದನ್ನು ಒಂದೊಂದಾಗಿ ತೋರಿಸಿ, "ಉಯಿರಾ? ಪ್ಲಾಸ್ಟಿಕ್ಕಾ?" ಎಂದು ಕೇಳುವುದು. ಜೀವವೋ, ಪ್ಲಾಸ್ಟಿಕ್ಕೋ? ಮಕ್ಕಳು ಕಿರುಚಿ ಹೇಳಬೇಕು.

ನೀಲಿ ಬಣ್ಣದ, ಅಂಗಿಯ ಗುಂಡಿಯಷ್ಟಿರುವ ಒಂದು ಬಿಲ್ಲೆ. "ಪ್ಲಾಸ್ಟಿಕ್!" ಎಂದು ಎಲ್ಲರೂ ಕೂಗಿದರು. ಅವಳು ಅದನ್ನು ಒಂದು ಚಿಪ್ಪಿನಲ್ಲಿ ಎತ್ತಿ ಬಕೆಟ್ಟಿನ ನೀರಿಗೆ ಬಿಟ್ಟಳು. ಬಿಲ್ಲೆಯ ಸುತ್ತ ಎಳೆ ಎಳೆಯಾಗಿ ನೀಲಿ ಕೂದಲು ಬಿಚ್ಚಿಕೊಂಡಿತು. ಅದು ಜೀವ! ಮಕ್ಕಳು ಹುಚ್ಚೆದ್ದು ಕುಣಿದವು. ಆಮೇಲೆ ಬೆಳ್ಳಗೆ ಹಗುರವಾದ ಒಂದು ತುಂಡು. "ಥರ್ಮಕೋಲ್!" ಅಲ್ಲ, ಅದು ಒಂದು ಜಾತಿಯ ಕಡಲ ಪ್ರಾಣಿಯ ಬೆನ್ನಿನೊಳಗಿನ ಚಿಪ್ಪು. ಹವಳದ ಹಾಗೆ ಕೆಂಪಗೆ ಸುಂದರವಾಗಿದ್ದ ಇನ್ನೊಂದನ್ನು ತೋರಿಸಿದಾಗ, ಮೋಸ ಹೋಗಿ ಹೋಗಿ ಬುದ್ಧಿ ಕಲಿತಿದ್ದ ಮಕ್ಕಳು "ಉಯಿರು!" ಎಂದವು. ಅದು ಯಾವುದೋ ಮಗ್ಗಿನ ಕರಗಿದ ತುಂಡು.

"ಈಗ ಆಂಟಿ ಹೇಳಲಿ" ಎಂದು ಯಾರೋ ನನ್ನನ್ನು ಮುಂದೆ ನೂಕಿದರು. ಕಪ್ಪಗೆ, ಚಪ್ಪಟೆಯಾಗಿ, ನಾಲ್ಕೂ ಮೂಲೆಗೆ ಕೊಂಬು ಬಂದಂತಿದ್ದ ಒಂದು ವಸ್ತು. ನನಗೆ ಸಂಶಯವೇ ಇರಲಿಲ್ಲ. ಕವರುಗಳ ವಿಷಯದಲ್ಲಿ ನನಗಿಂತ ತಿಳಿದವರು ಯಾರು? ಬೆಂಕಿ ತಗಲಿ ಮುರುಟಿದ ಕವರು ಎಂದು ನನಗೆ ಬಂದ ತಮಿಳಿನಲ್ಲೇ ಅಧಿಕಾರದಿಂದ ಹೇಳಿದೆ.

ಅದು ಮೀನಿನ ಮೊಟ್ಟೆಯ ಚೀಲವಂತೆ. ಮರಿ ಅದರೊಳಗೇ ಬೆಳೆದು, ಒಂದು ಮೂಲೆ ಬಿಚ್ಚಿಕೊಂಡು ಈಜಿ ಹೋಗಿಯಾಗಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಮಗಳು ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನನ್ನನ್ನು ನೋಡಿದಳು.

ಕೊನೆಗೆ ಅಕ್ಕ ಬಕೆಟ್ಟಿನಲ್ಲಿ ಒಂದು ತೆಳ್ಳನೆಯ ಕವರನ್ನು ಮುಳುಗಿಸಿ ಕೈ ಬಿಟ್ಟಳು. ಅದು ನೀರಿನೊಳಗೆ ಮೆಲ್ಲಗೆ ಅರಳಿತು, ಮುದುಡಿತು, ಮತ್ತೆ ಅರಳಿತು. ಉಸಿರಾಡುವಂತೆ. ಆಮೆಗಳು ಇದನ್ನು ಅಂಬಲಿಮೀನು, ಅಂದರೆ ಜೆಲ್ಲಿ ಫಿಶ್, ಎಂದುಕೊಂಡು ನುಂಗುತ್ತವೆ ಎಂದು ಅವಳು ಹೇಳಿದಾಗ ಗಲಾಟೆ ತನ್ನಿಂದ ತಾನೇ ನಿಂತಿತು. ಕವರಿನ ಮೇಲೆ ಯಾವುದೋ ಜವಳಿ ಅಂಗಡಿಯ ಅರ್ಧ ಅಳಿಸಿದ ಅಕ್ಷರಗಳಿದ್ದವು. ಮೊಟ್ಟೆ ಚೀಲವನ್ನು ಕವರು ಎಂದ ನನಗೂ, ಕವರನ್ನು ಮೀನು ಎನ್ನುವ ಆಮೆಗೂ ಏನು ವ್ಯತ್ಯಾಸ ಎನಿಸಿತು. ಮಗಳು ನನ್ನ ಕಡೆ ನೋಡಲಿಲ್ಲ. ಅವಳು ನೋಡದಿದ್ದುದೇ ಒಳ್ಳೆಯದಾಯಿತು.

ಅಷ್ಟರಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಅಕ್ಕ ಇದ್ದಕ್ಕಿದ್ದಂತೆ ಒಂದು ಕಾಲು ಮೇಲೆತ್ತಿ, "ಹ್ವಾಯ್! ಅಯ್ಯಯ್ಯೋ, ಏಡಿ ಕಚ್ತ್ ಮಾರಾಯ್ರೆ!" ಎಂದು ಕಿರುಚಿದಳು.

ಮಕ್ಕಳು ಏನೂ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟವು. ನಾನು ಒಂದೇ ಹಾರಿಗೆ ಮುಂದೆ ಬಂದೆ.

"ಅಯ್ಯೋ, ನೀವು ಕನ್ನಡದವ್ರಾ?"

ಅವಳು ಒಂಟಿಕಾಲಲ್ಲೇ ನನ್ನ ಕಡೆ ತಿರುಗಿದಳು. "ನೀವು ಕನ್ನಡದೋರಾ? ಅಷ್ಟೊತ್ತಿಂದ ಸುಮ್ನೆ ನಿಂತಿದ್ರಲ್ಲ! ಮೊದ್ಲೇ ಹೇಳೂಕಾಗ್ದಾ?"

ಕುಂದಾಪುರದವಳಂತೆ. ಮೀನು, ದೋಣಿ, ಮರಳು ನೋಡಿಯೇ ಬೆಳೆದವಳು. ಮರಳಿಗೆ ಅವಳು ಹೊಯ್ಗಿ ಎಂದಳು, ನೋಡಿ ಎನ್ನುವುದಕ್ಕೆ ಕಾಣಿ ಎಂದಳು. ನಾವಿಬ್ಬರೂ ಆಡುತ್ತಿದ್ದುದು ಒಂದೇ ಭಾಷೆ ಎಂದು ಮಕ್ಕಳಿಗೆ ನಂಬಿಸಲು ಕಷ್ಟವಾಯಿತು. ಮಗಳಂತೂ ನನ್ನ ಚೂಡಿದಾರದ ತೋಳು ಎಳೆದು, "ಅಕ್ಕ ಪೇಸುರದು ಕನ್ನಡಮಾ?" ಎಂದು ಎರಡು ಸಲ ಕೇಳಿದಳು. ಹೌದು ಕಣೇ, ಅದೂ ಕನ್ನಡವೇ ಎಂದೆ. ಕಚ್ಚಿದ ಏಡಿ ಅಷ್ಟರಲ್ಲಿ ಬಿಲ ಸೇರಿತ್ತು.

ತಿಂಡಿಗೆ ಕೂತೆವು. ಎಲ್ಲರ ಡಬ್ಬಿಗಿಂತ ಕುಕ್ಕರಿನ ಚಿತ್ರಾನ್ನಕ್ಕೇ ಬೇಡಿಕೆ. ಬೆಳಗ್ಗೆ ಹಿಡಿಕೆಯ ಬಗ್ಗೆ ಆಕ್ಷೇಪ ಎತ್ತಿದ್ದವಳೂ ಎರಡು ಸಲ ಹಾಕಿಸಿಕೊಂಡಳು. ಕುಕ್ಕರ್ ಬರಿದಾಯಿತು.

ತಿಂಡಿ ಮುಗಿದ ಮೇಲೆ ಕಸ ಆರಿಸುವ ಕೆಲಸ. ಮಕ್ಕಳು ಗೋಣಿಚೀಲ ಹಿಡಿದು ಹರಡಿಕೊಂಡವು. ಸ್ವಲ್ಪ ಹೊತ್ತಿಗೆ ಹಸಿರು ನೈಲಾನ್ ಬಲೆಯ ತುದಿಯೊಂದು ಮರಳಿನಿಂದ ಇಣುಕುತ್ತಿರುವುದು ಕಾಣಿಸಿತು. ಒಬ್ಬ ಎಳೆದ, ಬರಲಿಲ್ಲ. ಇನ್ನಿಬ್ಬರು ಸೇರಿದರು, ಜಗ್ಗಲಿಲ್ಲ. ಹತ್ತಿರದ ಕುಪ್ಪಂನ, ಅಂದರೆ ಬೆಸ್ತರ ಕೇರಿಯ, ಮೀನುಗಾರರು ಕೆಲವರು ದೋಣಿಯ ನೆರಳಲ್ಲಿ ಕೂತಿದ್ದರು. ಅಕ್ಕ ಹೋಗಿ ಕೇಳಿದಳು. ಯಾರೋ ಬಿಟ್ಟು ಹೋದ ಹಳೆಯ ಬಲೆ, ಒಂದು ತುದಿ ನೀರಿನೊಳಗಿದೆ, ತೆಗೆದರೆ ಒಳ್ಳೆಯದೇ ಎಂದು ಅವರೂ ಎದ್ದು ಬಂದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಬ್ಯಾಂಕಿನ ಕೌಂಟರಿನಲ್ಲಿ ಕೂತಲ್ಲೇ ನಗು ಉಕ್ಕುತ್ತದೆ. ಮಕ್ಕಳು, ಮೀನುಗಾರರು, ಅಕ್ಕ, ನಾನು, ಬಸ್ಸಿನ ಡ್ರೈವರು, ವಾಕಿಂಗಿಗೆ ಬಂದಿದ್ದ ಅಪರಿಚಿತರು, ಎಲ್ಲರೂ ಸಾಲಾಗಿ ನಿಂತು ಬಲೆ ಹಿಡಿದೆವು. "ಏಲೇಲೋ ಐಲಸಾ!" ಎಂದು ಒಬ್ಬ ಹಿರಿಯರು ದನಿ ತೆಗೆದರು. "ಐಲಸಾ!" ಎಂದು ಮಕ್ಕಳು ಆಕಾಶ ಬಿರಿಯುವಂತೆ ಕೂಗಿದವು. ಬಲೆ ಒಂದು ಗೇಣು ಬಂತು. ಮತ್ತೆ ಐಲಸಾ. ಇನ್ನೊಂದು ಗೇಣು. ಹೆಡ್ ಮಿಸ್ ಕೊಡೆ ಊರಿಕೊಂಡು ದೂರ ನಿಂತು ನೋಡುತ್ತಿದ್ದರು, ಕಾಲು ತಾಳ ಹಾಕುತ್ತಿರುವುದು ಅವರಿಗೇ ತಿಳಿಯಲಿಲ್ಲವೋ ಏನೋ. ಆಮೇಲೆ ಕೊಡೆಯನ್ನು ಮರಳಿಗೆ ಚುಚ್ಚಿದರು. ಸೆರಗು ಬಿಗಿದು ಸಿಕ್ಕಿಸಿದರು. ಸಾಲಿನ ಕೊನೆಯಲ್ಲಿ, ನನ್ನ ಹಿಂದೆ ಬಂದು ನಿಂತು ಬಲೆಗೆ ಕೈ ಹಾಕಿದರು.

"ಏಲೇಲೋ..."

"ಐಲಸಾ!"

ಮರಳು ಒಮ್ಮೆಲೇ ಸೋತಿತು. ಬಲೆ ಬುಳಕ್ಕನೆ ಕಿತ್ತು ಬಂತು. ಇಡೀ ಸಾಲು ಹಿಂದಕ್ಕೆ ಒಬ್ಬರ ಮೇಲೊಬ್ಬರು ಉರುಳಿತು. ನಾನು ಬಿದ್ದದ್ದು ಮೆತ್ತಗಿತ್ತು. ಯಾಕೆಂದರೆ ನಾನು ಹೆಡ್ ಮಿಸ್ ಮೇಲೆ ಬಿದ್ದಿದ್ದೆ.

ಎದ್ದು ಪಕ್ಕಕ್ಕೆ ಸರಿದೆ. ಅವರು ಕಾಲು ಚಾಚಿಕೊಂಡು ಒದ್ದೆ ಮರಳಿನಲ್ಲಿ ಕೂತಿದ್ದರು. ಕನ್ನಡಕ ವಾರೆಯಾಗಿತ್ತು. ಅದೇ ಹೊತ್ತಿಗೆ ಒಂದು ಅಲೆ, ಯಾವ ಗಡಿಯನ್ನೂ ಲೆಕ್ಕಿಸದೆ ಮೇಲೆ ಬಂದು, ಇಸ್ತ್ರಿ ಸೀರೆಯನ್ನು ಸೊಂಟದವರೆಗೆ ತೋಯಿಸಿ, ಬಂದಷ್ಟೇ ವಿನಯದಿಂದ ಹಿಂದೆ ಹೋಯಿತು.

ಮಕ್ಕಳು ಒಬ್ಬರ ಹಿಂದೊಬ್ಬರು ಅಡಗಿದವು. ಐಲಸಾ ಹೇಳಿದ ಹಿರಿಯರು ಕೂಡ ತಲೆ ತಗ್ಗಿಸಿದರು. ನನ್ನ ಮಗಳ ಶಾಲಾ ಜೀವನ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೊದಲು ಭುಜ ಅಲುಗಿತು. ಆಮೇಲೆ ಒಂದು ಸದ್ದು, ಬಿಕ್ಕಳಿಕೆಯಂಥದು. ಆಮೇಲೆ ಹೆಡ್ ಮಿಸ್ ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ, ಕೈಯಿಂದ ಮರಳು ಬಡಿಯುತ್ತಾ ನಗತೊಡಗಿದರು. ಅದೆಂಥ ನಗು! ಎಷ್ಟೋ ವರ್ಷದಿಂದ ಗಂಜಿ ಹಾಕಿ ಮಡಿಸಿಟ್ಟ ನಗು ಒಮ್ಮೆಗೇ ಬಿಚ್ಚಿಕೊಂಡಂತಿತ್ತು. ಮಕ್ಕಳು ಒಂದು ಕ್ಷಣ ನಂಬದೆ ನೋಡಿ, ಆಮೇಲೆ ತಾವೂ ನಕ್ಕು, ಬೇಕೆಂದೇ ಮತ್ತೊಮ್ಮೆ ಬಿದ್ದವು.

ಆ ನಗುವಿನ ನಡುವೆ ನನ್ನ ಮಗಳು ಬಲೆಯ ಕಡೆ ಕೈ ತೋರಿಸಿ ಕೂಗಿದಳು. "ಪಂದು! ಪ್ಲಾಸ್ಟಿಕ್ ಪಂದು!"

ಬಲೆಯ ನೀರಿನ ಕಡೆಯ ತುದಿಯಲ್ಲಿ ಬೆಳ್ಳಗೆ ಗುಂಡಗಿನ ಒಂದು ಚೆಂಡು ಸಿಕ್ಕಿಕೊಂಡಿತ್ತು. ಕುಕ್ಕರಿನ ಹುಡುಗಿ ಅದನ್ನು ಗೋಣಿಚೀಲಕ್ಕೆ ಹಾಕಲು ಬಗ್ಗಿದಳು.

ಚೆಂಡು ಅವಳನ್ನು ನೋಡಿತು.

"ಅಕ್ಕಾ! ಪಂದುಕ್ಕು ಕಣ್ಣು ಇರುಕ್ಕು!" ಎಂದು ಕಿರುಚಿ ಅವಳು ಹಿಂದಕ್ಕೆ ಹಾರಿದಳು. ಚೆಂಡಿಗೆ ಕಣ್ಣಿದೆ!

ಅಕ್ಕ ಓಡಿ ಬಂದಳು. ಹೆದರಿದಾಗ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು. ಬಲೆಯಲ್ಲಿ ಸಿಕ್ಕಿಕೊಂಡ ಗಾಬರಿಗೆ ಗಾಳಿ ತುಂಬಿಕೊಂಡು ಚೆಂಡಾಗಿತ್ತು. ಪುಟ್ಟ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅದರ ಮೈಯಲ್ಲಿ ವಿಷವಿರುತ್ತದೆ, ಯಾರೂ ಬರಿಗೈಯಲ್ಲಿ ಮುಟ್ಟಬೇಡಿ ಎಂದು ಅವಳು ಮಕ್ಕಳನ್ನು ದೂರ ಸರಿಸಿ, ಕೈಗವಸು ಹಾಕಿದ ಕೈಯಿಂದ ಬಲೆಯ ಎಳೆಗಳನ್ನು ಕತ್ತರಿಸತೊಡಗಿದಳು. "ಬೇಗ ನೀರ್ ಬೇಕ್! ಬಕೆಟ್ ಎಲ್ಲಿತ್ತ್?"

ಬಕೆಟ್ಟು ಬಲೆಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಕೂಜದ ಬಾಯಿ ಚಿಕ್ಕದು. ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು.

ಎರಡು ಜಡೆಯ ಹುಡುಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಓಡಿ ಹೋಗಿ ಕುಕ್ಕರ್ ತಂದು, ಸಮುದ್ರದ ನೀರು ತುಂಬಿಸಿ ಮುಂದೆ ಹಿಡಿದಳು. ಮೀನು ಕುಕ್ಕರಿಗೆ ಇಳಿಯಿತು. ಎಲ್ಲರೂ ಸುತ್ತ ಬಗ್ಗಿದೆವು. ಅಕ್ಕ ಅದನ್ನು ನೀರಿನೊಳಗೆ ಮೆಲ್ಲಗೆ ಒತ್ತಿ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಗುಳುಗುಳು ಎಂದು ಗುಳ್ಳೆ ಬಂತು. ಪುಸ್ ಎಂದಿತು. ಚೆಂಡು ಇಳಿಯುತ್ತಾ ಇಳಿಯುತ್ತಾ, ನೋಡನೋಡುತ್ತಿದ್ದಂತೆ ಬಾಲವಾಡಿಸುವ ಒಂದು ಸಾಧಾರಣ ಮೀನಾಯಿತು. ಮಕ್ಕಳು ಚಪ್ಪಾಳೆ ತಟ್ಟಿದವು.

ದಡದಲ್ಲೇ ಬಿಟ್ಟರೆ ಅಲೆ ಮತ್ತೆ ತಂದು ಎಸೆಯುತ್ತದೆ, ಅಲೆ ಮುರಿಯುವ ಜಾಗದಾಚೆ ಬಿಡಬೇಕು ಎಂದರು ಮೀನುಗಾರರು. ಅಕ್ಕನಿಗೆ ಎರಡೂ ಕೈ ಮೀನಿಗೇ ಬೇಕು. ಕುಕ್ಕರ್ ಹಿಡಿಯಲು ಇನ್ನೊಬ್ಬರು ಬೇಕು.

"ಎಂಗಮ್ಮಾ ಪೋವಾಂಗ!" ನಮ್ಮಮ್ಮ ಹೋಗ್ತಾರೆ ಎಂದು ಮಗಳು ನನ್ನ ಪರವಾಗಿ ಎರಡನೆಯ ಸಲ ಮಾತು ಕೊಟ್ಟಳು.

ಹೆಡ್ ಮಿಸ್ ಬೇಡ ಎನ್ನುತ್ತಾರೆ ಎಂದು ಆಸೆಯಿಂದ ಅವರ ಕಡೆ ನೋಡಿದೆ. ಅವರು ಸೀರೆ ಹಿಂಡುತ್ತಾ, "ಪೋಂಗಮ್ಮಾ, ಪೋಂಗ", ಹೋಗಿ ಎಂದೇ ಬಿಟ್ಟರು. ಅವರ ನಗು ಇನ್ನೂ ನಿಂತಿರಲಿಲ್ಲ.

ಅಕ್ಕ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. "ಎಂತ ಹೆದ್ರಿಕೆ? ಬನ್ನಿ, ನಾನಿದ್ದೆ."

ಅವರ ಕಡೆ 'ನಾನಿದ್ದೆ' ಎಂದರೆ 'ನಾನಿದ್ದೇನೆ' ಎಂದು ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿನಲ್ಲಿ ಅದು 'ಒಂದಾನೊಂದು ಕಾಲದಲ್ಲಿ ನಾನಿದ್ದೆ' ಎಂದಂತೆ ಕೇಳಿಸಿತು. ಆದರೂ ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ, ಕುಕ್ಕರಿನ ಹಿಡಿಕೆ ಹಿಡಿದು ಹೊರಟೆ. ಇಬ್ಬರು ಮೀನುಗಾರರು ಅಕ್ಕಪಕ್ಕದಲ್ಲಿ ಇಳಿದರು. ನೀರು ಕಣಕಾಲಿಗೆ ಬಂತು. ಮೊಣಕಾಲಿಗೆ ಬಂತು. ಅಡಿಯ ಮರಳು ಪಾದದ ಕೆಳಗಿನಿಂದ ಯಾರೋ ಚಾಪೆ ಎಳೆದಂತೆ ಜಾರಿತು. ಕುಕ್ಕರಿನೊಳಗಿನ ಮೀನು ನನ್ನನ್ನೇ ನೋಡುತ್ತಿತ್ತು. ಅದಕ್ಕೂ ನನ್ನಷ್ಟೇ ಭಯವಿದ್ದಿರಬೇಕು.

"ಅಮ್ಮಾ, ಬಿಡಬೇಡ! ಕುಕ್ಕರ್ ಬಿಡಬೇಡ!"

ಹಿಂದಿನಿಂದ ಬಂದ ದನಿ ಮಗಳದು. ಕನ್ನಡದಲ್ಲಿ! ತಿರುಗಿ ನೋಡುವಂತಿರಲಿಲ್ಲ. ಒಂದು ಅಲೆ ಬಂತು, ಅಕ್ಕ "ಹಾರಿ!" ಎಂದಳು, ಕುಕ್ಕರನ್ನು ತಲೆಯ ಮೇಲೆತ್ತಿಕೊಂಡು ಹಾರಿದೆ. ಅಲೆ ನಮ್ಮ ಕೆಳಗೆ ಹಾದು ಹೋಯಿತು. ನಾನು ಹಾರಿದ್ದೆ. ನಾನು! ಹೊಟ್ಟೆಯೊಳಗೆಲ್ಲ ಕಚಗುಳಿ ಇಟ್ಟಂತಾಗಿ ಜೋರಾಗಿ ನಕ್ಕುಬಿಟ್ಟೆ. ಬಾಯಿಗೆ ಉಪ್ಪುನೀರು ಹೋಯಿತು, ಆದರೂ ನಕ್ಕೆ. ಸೊಂಟದ ಮಟ್ಟದ ನೀರಿನಲ್ಲಿ ಅಕ್ಕ ಕುಕ್ಕರನ್ನು ಬಗ್ಗಿಸಿದಳು. ಮೀನು ಒಂದು ಗಳಿಗೆ ಅಂಚಿನಲ್ಲೇ ಅನುಮಾನಿಸಿ, ಆಮೇಲೆ ಬಾಲ ಒಂದು ಸಲ ಕೊಡವಿ ಇಲ್ಲವಾಯಿತು.

"ಹೋಯ್ತ್!" ಎಂದಳು ಅಕ್ಕ.

"ಹೋಯ್ತು!" ಎಂದು ನಾನು ಎರಡೂ ಕೈ ಎತ್ತಿ ದಡಕ್ಕೆ ಕೂಗಿದೆ.

ಎರಡೂ ಕೈ ಎತ್ತಬಾರದಿತ್ತು. ಅಲೆ ಬಂದು ನಮ್ಮಿಬ್ಬರನ್ನೂ ಕೆಡವಿತು. ಮೀನುಗಾರರು ರಟ್ಟೆ ಹಿಡಿದು ಎತ್ತಿ ನಿಲ್ಲಿಸುವಷ್ಟರಲ್ಲಿ ಕುಕ್ಕರ್, ಬೆಳ್ಳಿಯ ದೋಣಿಯ ಹಾಗೆ ಮಿನುಗುತ್ತಾ, ನಿಧಾನವಾಗಿ ಉತ್ತರ ದಿಕ್ಕಿಗೆ ತೇಲಿ ಹೋಗುತ್ತಿತ್ತು.

ದಡದಲ್ಲಿ ಹಾಹಾಕಾರ. ಸಮುದ್ರದ ಕಸ ತೆಗೆಯಲು ಬಂದವರು ನಾವು. ಸಮುದ್ರಕ್ಕೆ ಕುಕ್ಕರ್ ಎಸೆದಿದ್ದೆವು. ಮಕ್ಕಳೆಲ್ಲ "ಕುಕ್ಕರ್! ಕುಕ್ಕರ್!" ಎಂದು ಕೂಗುತ್ತಾ ದಡದುದ್ದಕ್ಕೂ ಅದರ ಜೊತೆ ಓಡಿದವು. ಎಲ್ಲರಿಗಿಂತ ಮುಂದೆ, ಒದ್ದೆ ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ ಝಳಪಿಸುತ್ತಾ ಹೆಡ್ ಮಿಸ್. ಕುಕ್ಕರ್ ಒಮ್ಮೆ ಮುಳುಗಿತು. ಎಲ್ಲರೂ ನಿಂತರು. ಮುಂದಿನ ಅಲೆ ಅದನ್ನು ಉರುಳಿಸಿಕೊಂಡು ತಂದಿತು. ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಹೆಡ್ ಮಿಸ್ ಮೊಣಕಾಲು ನೀರಿಗೆ ನುಗ್ಗಿ, ಕೊಡೆಯ ಬಾಗಿದ ಹಿಡಿಯನ್ನು ಚಾಚಿ, ಆ ಚರ್ಚಾಸ್ಪದ ಪ್ಲಾಸ್ಟಿಕ್ ಹಿಡಿಕೆಗೆ ಕೊಕ್ಕೆ ಹಾಕಿ ಎಳೆದರು. ಸಿಕ್ಕಿತು! ದಡದಲ್ಲಿ ಎದ್ದ ಕೂಗಿಗೆ ಕಾಗೆಗಳೆಲ್ಲ ಹಾರಿದವು.

ಮಗಳು ಓಡಿ ಬಂದು ನನ್ನ ಒದ್ದೆ ಹೊಟ್ಟೆಗೆ ಮುಖ ಒತ್ತಿದಳು. "ನಾನು ಹೇಳಿದ್ನಲ್ಲ ಮಿಸ್‌ಗೆ, ನಿಂಗೆ ಭಯ ಇಲ್ಲಾಂತ" ಎಂದಳು, ತಡವರಿಸುತ್ತಾ, ಕನ್ನಡದಲ್ಲೇ. ಕಾಲು ಇನ್ನೂ ನಡುಗುತ್ತಿದೆ ಎಂದು ನಾನು ಅವಳಿಗೆ ಹೇಳಲಿಲ್ಲ. ಅಪ್ಪಿಕೊಂಡಿದ್ದಳಲ್ಲ, ಗೊತ್ತಾಗಿಯೇ ಇರುತ್ತದೆ.

ಬಲೆಯನ್ನು ಮೀನುಗಾರರೇ ಸುತ್ತಿ ದೋಣಿಯ ಪಕ್ಕಕ್ಕೆ ಎಳೆದುಕೊಂಡು ಹೋದರು. ಅಕ್ಕ ನನ್ನ ಫೋನಿಗೆ ತನ್ನ ನಂಬರ್ ಹಾಕಿಕೊಟ್ಟು, "ಮನೆಗ್ ಬತ್ತೆ. ನಿಮ್ ಸೈಡಿನ ಬಿಸಿಬೇಳೆ ಬಾತ್ ಮಾಡಿ" ಎಂದಳು. ಹಿಂತಿರುಗುವಾಗ ಬಸ್ಸಿನಲ್ಲಿ ಅಡಿಯಿಂದ ಮುಡಿಯವರೆಗೆ ಮರಳು, ಮೀನಿನ ವಾಸನೆ, ನಗು. ಸ್ವಲ್ಪ ಹೊತ್ತಿಗೆ ಮಕ್ಕಳೆಲ್ಲ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆಹೋದವು.

ನನಗೆ ಮಾತ್ರ ಒಂದು ಚಿಂತೆ ಹತ್ತಿತು. ಕುಕ್ಕರಿನವರು ಈರುಳ್ಳಿ ಕೂಡ ತಿನ್ನದ ಮನೆಯವರಂತೆ, ಅದೇ ಹುಡುಗಿ ಹೇಳಿದ್ದಳು. ಗೇಟಿನ ಬಳಿ ಅವಳಮ್ಮ ನಿಂತಿದ್ದರು. ನಾನು ಮುಂದೆ ಹೋಗಿ, ತೊದಲುವ ತಮಿಳಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಹೊಸ ಕುಕ್ಕರ್ ತಂದುಕೊಡುತ್ತೇನೆ ಎಂದೂ ಸೇರಿಸಿದೆ. ಅವರು ಕುಕ್ಕರನ್ನು ಕೈಗೆ ತೆಗೆದುಕೊಂಡು ಒಳಗೆ ನೋಡಿದರು. ತಳದಲ್ಲಿ ಮರಳು, ಒಂದು ಪುಟ್ಟ ಶಂಖ.

"ಮೀನು ಉಯಿರೋಡ ಪೋಚ್ಚಾ?" ಎಂದರು. ಜೀವಂತ ಹೋಯಿತಾ?

"ಹೋಯಿತು" ಎಂದೆ.

"ಅಪ್ಪೋ ಸರಿ." ಹಾಗಾದರೆ ಸರಿ. ಶಂಖವನ್ನು ಮಗಳ ಕೈಗಿಟ್ಟು, ಕುಕ್ಕರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಅವರು ಹೊರಟುಬಿಟ್ಟರು.

ಸಂಜೆ ನಮ್ಮತ್ತೆ ಮೈಸೂರಿನಿಂದ ಫೋನ್ ಮಾಡಿದರು. ಅವರಿಗೆ ತಮಿಳಿನ ಒಂದಕ್ಷರವೂ ಬಾರದು. ಹಾಗಾಗಿ ಮೊಮ್ಮಗಳು ಸಾಮಾನ್ಯವಾಗಿ ಹ್ಞೂಂ, ಉಹೂಂ ಎಂದು ಮುಗಿಸಿ ಫೋನನ್ನು ನನಗೆ ದಾಟಿಸುವುದು ರೂಢಿ. ಅಂದು ಅವಳೇ ಕಸಿದುಕೊಂಡಳು. ಅವಳಪ್ಪ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂತರು.

"ಅಜ್ಜಿ, ಅಜ್ಜಿ, ನಾವು ಇವತ್ತು ಮೀನನ್ನ ಕುಕ್ಕರ್‌ಗೆ ಹಾಕಿದ್ವಿ!"

ಆ ಕಡೆಯಿಂದ ನಮ್ಮತ್ತೆಯ ಸಣ್ಣ ದನಿ. "ಏನು ಹಾಕಿದ್ರಿ?"

"ಮೀನು! ಅಮ್ಮಾನೇ ಕುಕ್ಕರ್ ಹಿಡ್ಕೊಂಡಿದ್ಲು!"

"ಶಿವಶಿವಾ! ನಿಮ್ಮಪ್ಪ ಎಲ್ಲಿದ್ದ?"

ನಿಮ್ಮಪ್ಪನ ಕಾಫಿ ಮೂಗಿಗೆ ಹತ್ತಿತು. ನಾನು ಫೋನಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಇಲ್ಲ ಅಜ್ಜಿ, ಬೇಯಿಸ್ಲಿಲ್ಲ! ಬಿಟ್ವಿ! ಸಮುದ್ರಕ್ಕೆ ಬಿಟ್ವಿ. ಅದು ಗಾಳಿ ತುಂಬ್ಕೊಂಡು ಪಂದು ಮಾದಿರಿ... ಚೆಂಡು ಥರ ಆಗಿತ್ತು. ದೊಡ್ಡದಾಗಿ, ಹೇಗೆ ಅಂದ್ರೆ... ಹೇಗೆ ಅಂದ್ರೆ..."

ಅವಳಿಗೆ ಕನ್ನಡ ಮುಗಿದುಹೋಯಿತು. ಒಂದು ಗಳಿಗೆ ಸೂರು ನೋಡಿದಳು. ಆಮೇಲೆ ಎರಡೂ ಕೆನ್ನೆ ಉಬ್ಬಿಸಿ, ಕಣ್ಣು ಗುಡ್ಡೆ ಹೊರಗೆ ಬರುವಂತೆ ಅಗಲಿಸಿ, ಫೋನನ್ನು ಮುಖದ ಮುಂದೆ ಹಿಡಿದುಕೊಂಡು ಅಲ್ಲಾಡದೆ ನಿಂತಳು. ಅದು ವಿಡಿಯೋ ಇಲ್ಲದ ಬರೀ ಮಾತಿನ ಕರೆ.

"ಹಲೋ? ಯಾಕೇ ಸದ್ದೇ ಇಲ್ಲ?" ಎಂದು ಅತ್ತ ಕಡೆಯಿಂದ ನಮ್ಮತ್ತೆ ಕೂಗುತ್ತಿದ್ದರು. "ಲೈನ್ ಕಟ್ಟಾಯ್ತೇನೇ? ಹಲೋ?"